ತಣ್ಣೀರಿನಲ್ಲಿ ಹತ್ತು ನಿಮಿಷ

ಕಿಸೊ ಕಣಿವೆಯ ಆಸ್ಪತ್ರೆ. ಫೆಬ್ರವರಿ.
ಡಾಕ್ಟರಮ್ಮ ಮುರೋಯಿ ತಗಡಿನ ಬೋಗುಣಿಗೆ ಐಸು ಸುರಿದು
ಐದು ಡಿಗ್ರಿಗೆ ಇಳಿಯುವ ತನಕ ಕಾದು
"ಕೈ ಮುಳುಗಿಸಿ ಕಾನೆಮತ್ಸು ಸಾನ್, ಹತ್ತು ನಿಮಿಷ" ಎಂದಳು,
ಅಕ್ಕಿ ನೆನೆಹಾಕಲು ಹೇಳುವಷ್ಟು ಸಲೀಸಾಗಿ.

ಗಂಡ ಮುಳುಗಿಸಿದ.
ನಾನು ಗೋಡೆ ಗಡಿಯಾರ ನೋಡುತ್ತ ಕೂತೆ,
ಅವನ ಕೋಟು ನನ್ನ ತೊಡೆಯ ಮೇಲೆ.
ಅದರ ಐದು ಗುಂಡಿಗಳನ್ನೂ ಬೆಳಿಗ್ಗೆ ನಾನೇ ಹಾಕಿದ್ದೆ,
ನಾನೇ ಬಿಚ್ಚಿದ್ದೆ.

ಮೊದಲ ನಿಮಿಷ ಏನೂ ಇಲ್ಲ.
ಎರಡನೆಯದರಲ್ಲಿ ತೋರುಬೆರಳ ತುದಿ ಬಿಳುಚಿತು.
ಆಮೇಲೆ ಬಿಳುಪು ಗೆಣ್ಣಿನಿಂದ ಗೆಣ್ಣಿಗೆ ಹತ್ತಿ ಬಂತು,
ಗೆರೆ ಕೊರೆದಂತೆ:
ಇತ್ತ ರಕ್ತ, ಅತ್ತ ಮೇಣ.
ನಮ್ಮ ಕಡೆ ಈ ರೋಗಕ್ಕೆ ಅದೇ ಹೆಸರು, ಬಿಳಿ ಮೇಣ.
ಮೇಣದ ಬತ್ತಿಗಾದರೂ ಬೆಂಕಿ ಹತ್ತುತ್ತದೆ ಅಂತ
ಬಸ್ಸಿನಲ್ಲಿ ಬರುವಾಗ ಅವನೇ ನಕ್ಕಿದ್ದ.

ಡಾಕ್ಟರಮ್ಮ ಹಾಳೆಯ ಹಿಂಬದಿ ಚಿತ್ರ ಬರೆದಳು:
ಕೂದಲಿಗಿಂತ ಸಣ್ಣ ನಾಳಗಳು,
ಅವಕ್ಕೆ ಹೆಣೆದುಕೊಂಡ ನರದ ಎಳೆಗಳು.
"ಗರಗಸದ ನಡುಕ ವರ್ಷಗಟ್ಟಲೆ ಒಳಗಿಳಿದರೆ
ನಾಳ ಚಳಿಗೆ ಹೆದರಿ ಮುಷ್ಟಿ ಕಟ್ಟುತ್ತದೆ.
ನರ ಮೊದಲು ಚೀರುತ್ತದೆ, ಆಮೇಲೆ ಸುಮ್ಮನಾಗುತ್ತದೆ."
ಅವನು ಕತ್ತು ಚಾಚಿ ನೋಡಿದ:
"ಇದು ನಮ್ಮ ಮೇಲಿನ ಕಾಡಿನ ಹಳ್ಳಗಳ ನಕ್ಷೆಯಲ್ಲವೆ?
ಇಲ್ಲಿ, ಈ ಕವಲಲ್ಲಿ, ಒಳ್ಳೆ ಇವಾನಾ ಮೀನು ಸಿಗುತ್ತಿತ್ತು."

ಐದು. ದವಡೆ ಬಿಗಿದದ್ದು ಕೆನ್ನೆಯಲ್ಲಿ ಕಾಣುತ್ತಿತ್ತು.

ಮೋಟಾರು ಗರಗಸ ಬಂದದ್ದು
ನಮ್ಮ ಎರಡನೆಯವಳಿಗೆ ಹಲ್ಲು ಮೂಡಿದ ವರ್ಷ.
ಅರಣ್ಯ ಕಚೇರಿಯವರು ಲಾರಿಯಲ್ಲಿ ತಂದು
ಒಬ್ಬೊಬ್ಬರಿಗೆ ಒಂದೊಂದು ಕೊಟ್ಟು ಫೋಟೋ ತೆಗೆದರು.
"ಮೂರು ದಿನದ ಕೆಲಸ, ಶಿಗೆನೊ,
ಬುತ್ತಿ ಬಿಚ್ಚುವುದರೊಳಗೆ ಮುಗೀತು" ಅಂದ ಆ ಸಂಜೆ.
ಕೈ ಇನ್ನೂ ಗುಂಯ್‌ಗುಡುತ್ತಿತ್ತು,
ಬಟ್ಟಲಲ್ಲಿ ಚಹಾ ತಾನಾಗಿ ನಡುಗಿತು.
ಅದನ್ನು ನೋಡಿ ಇಬ್ಬರೂ ನಕ್ಕೆವು.

ಹನ್ನೊಂದು ಚಳಿಗಾಲ.
ಮೊದಲು ಜೋಮು. ಇರುವೆ ಅಂದ, ಗಾಜಿನ ನುಚ್ಚು ಅಂದ.
ರಾತ್ರಿ ಎದ್ದು ಕೈಗಳನ್ನು ಕಂಕುಳಲ್ಲಿಟ್ಟುಕೊಂಡು ಕೂರುತ್ತಿದ್ದ,
ಯಾರದೋ ಮಕ್ಕಳನ್ನು ಸಂತೈಸುವವನ ಹಾಗೆ.
ಆಮೇಲೆ ಅದೂ ಇಲ್ಲ.
ಒಲೆಗುಂಡಿಯ ಕೆಂಡಕ್ಕೆ ಬೆರಳು ತಾಗಿ
ವಾಸನೆ ಬಂದ ಮೇಲೆ ಕೂಗಿದವಳು ನಾನು;
ಯಾರ ಬೆರಳು ಅನ್ನುವಂತೆ ಅವನು ನೋಡಿದ.
ಕೈ ಮರಗಟ್ಟಿತು.
ಮರ ಕಡಿಯುವವನ ಮುಂದೆ
ಆ ಮಾತನ್ನು ಹೇಗೆ ಆಡಲಿ, ಹೇಳಿ.

ಏಳು.
ಡಾಕ್ಟರಮ್ಮ ಇನ್ನೊಂದು ಕೈಗೆ ಸೂಜಿ ತಂದಳು. "ಗೊತ್ತಾಯಿತೆ?"
ಕಣ್ಣು ಮುಚ್ಚಿಕೊಂಡೇ "ಹೂಂ" ಅಂದ.
ಅವಳಿನ್ನೂ ಚುಚ್ಚಿರಲಿಲ್ಲ.
ಪರಿಹಾರದ ಅರ್ಜಿಯಲ್ಲಿ ಆ ಹೂಂಕಾರವನ್ನೂ
ನನ್ನತ್ತ ನೋಡದೆ ಬರೆದುಕೊಂಡಳು.

ಹತ್ತು. ಕೈ ಹೊರಗೆ ಬಂತು.
ಉಗುರು ಒತ್ತಿ ಬಿಟ್ಟು ಎಣಿಸಿದಳು,
ಕೆಂಪು ಹಿಂತಿರುಗಲು ಎಷ್ಟು ಹೊತ್ತು.
ನಾನೂ ಒಳಗೇ ಎಣಿಸಿದೆ.
ಇಪ್ಪತ್ತರ ನಂತರ ಬಿಟ್ಟುಬಿಟ್ಟೆ.
ಹೊರಗೆ ಹಿಮದಲ್ಲಿ ಯಾರೋ ಸೈಕಲ್ ನೂಕುತ್ತಿದ್ದರು.

ಬಸ್ಸಿಗೆ ಹೊತ್ತಿತ್ತು. ಅಂಗಳದ ಮೂಲೆಯಲ್ಲಿ ಒಂದು ಹಿನೋಕಿ.
ಹಿಂದೆಲ್ಲ ಅಂಗೈ ಇಟ್ಟು ಹೇಳುತ್ತಿದ್ದ,
ಒಳಗೆ ಪೊಳ್ಳೋ, ನೀರು ಏರುತ್ತಿದೆಯೋ.
ತಪ್ಪಿದ್ದೇ ಇಲ್ಲ.
ಅಂಗೈ ಇಟ್ಟ. ತೆಗೆದ.
ಸುತ್ತ ನೋಡಿ, ಟೋಪಿ ಕಳಚಿ,
ಹಣೆ ಇಟ್ಟ.

ರಾತ್ರಿ ನನ್ನ ಬೆನ್ನಿಗೂ ಹಾಗೇ ಹಣೆ ತಂದಿಟ್ಟ.
"ಏನು ಹೇಳುತ್ತದೆ?" ಕೇಳಿದೆ.
"ತಡಿ," ಅಂದ. "ಇನ್ನೂ ಕೇಳುತ್ತಿದ್ದೇನೆ."