ಕೆಂಪು ಬೀಗದಕೈ

ಪೋರ್ಟ್ ಲೂಯಿಯ ಪಾಸ್‌ಪೋರ್ಟ್ ಕಚೇರಿಯಲ್ಲಿ
ಮೂರನೇ ಕಿಟಕಿ ನನ್ನದು.
ಹತ್ತೊಂಬತ್ತು ವರ್ಷದಿಂದ ಬೆನ್ನ ಹಿಂದಿನ ಗೋಡೆಗೆ ರಾಷ್ಟ್ರಲಾಂಛನ;
ಎದುರು ನಿಂತವರು ನೋಡುತ್ತಾರೆ, ನಾನು ನೋಡುವುದಿಲ್ಲ,
ಬೆನ್ನ ಮೇಲಿನ ಮಚ್ಚೆ ಅವರವರಿಗೆ ಕಾಣದ ಹಾಗೆ.

ಎಡಕ್ಕೊಂದು ಡೋಡೋ, ಬಲಕ್ಕೊಂದು ಕಡವೆ,
ಎರಡರ ಪಕ್ಕವೂ ಕಬ್ಬಿನ ಜಲ್ಲೆ.
ನಡುವಿನ ಗುರಾಣಿಗೆ ನಾಲ್ಕು ಮನೆ:
ಹಡಗು, ಮೂರು ತಾಳೆ, ಕೆಂಪು ಬೀಗದಕೈ, ಬಿಳಿ ಚುಕ್ಕಿ.
ಕೆಳಗೆ ಲ್ಯಾಟಿನ್ನಿನ ಒಂದು ಸಾಲು,
ಹಿಂದೂ ಮಹಾಸಾಗರದ ತಾರೆ, ಬೀಗದಕೈ.
ಶಾಲೆಯಲ್ಲಿ ಉರುಹೊಡೆದದ್ದು. ಪರೀಕ್ಷೆಗೆ ಬಂದರೆ ಎರಡು ಅಂಕ.

ಕಡವೆ ಜಾವಾದಿಂದ ಬಂತು, ಡಚ್ಚರ ಹಡಗಿನಲ್ಲಿ.
ಕಬ್ಬೂ ಹಡಗಿನಲ್ಲೇ ಬಂತು.
ಕಬ್ಬಿನ ಬೆನ್ನಿಗೆ ಛಪ್ರಾದ ನನ್ನ ಮುತ್ತಜ್ಜ ಬಂದ,
ಕೊರಳಲ್ಲಿ ತಗಡಿನ ಬಿಲ್ಲೆ, ಬಿಲ್ಲೆಯಲ್ಲಿ ನಂಬರು.
ಅಕ್ಕಪಕ್ಕ ನಿಂತವರಲ್ಲಿ ಇಲ್ಲಿನದೇ ಅಂದರೆ ಆ ಹಕ್ಕಿಯೊಂದೇ,
ಅದು ಇಲ್ಲ.

‘ಸತ್ತವರನ್ನು ಕಾವಲಿಗಿಟ್ಟರೆ ಸಂಬಳ ಉಳಿಯುತ್ತೆ’
ಎನ್ನುತ್ತಾನೆ ನಾಲ್ಕನೇ ಕಿಟಕಿಯ ಲೀ ಕಿಮ್ ಫೂ.

ಮಂಗಳವಾರ, ಊಟಕ್ಕೆ ಹತ್ತು ನಿಮಿಷವಿರುವಾಗ
ಬಂದಾಕೆ ಯೂಫ್ರಾಸಿ, ರೋಶ್ ಬ್ವಾ ಕೇರಿಯವಳು.
ಚೀಲದಲ್ಲಿ ನೀರಿನ ಬಾಟಲು,
ಕ್ರಾಲಿಯಿಂದ ಮಗಳು ಕಳಿಸಿದ ಟಿಕೆಟ್ಟಿನ ನಕಲು,
ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಜ್ಞಾನಸ್ನಾನದ ಚೀಟಿ.
ಜನ್ಮಸ್ಥಳ: ಪೆರೋಸ್ ಬನ್ಯೋಸ್.
ಓದಿ ತಲೆಯೆತ್ತಿದೆ.
‘ಹೌದು, ಶಾಗೋಸ್. ನಕಾಶೆಯಲ್ಲಿ ನೋಡಿರುತ್ತೀರಿ’ ಎಂದಳು,
ತೀರಿಹೋದ ನೆಂಟರ ಫೋಟೋ ತೋರಿಸುವ ದನಿಯಲ್ಲಿ.

ಎಂಟು ವರ್ಷದವಳಿದ್ದಾಗ ಹಡಗು ಹತ್ತಿಸಿದರಂತೆ.
ಮನೆಗೊಂದು ಪೆಟ್ಟಿಗೆ, ಒಂದು ಚಾಪೆ.
ಕೊಬ್ಬರಿ ಗೋದಾಮಿನ ಬಾಗಿಲು ಗಾಳಿಗೆ ಬಡಿಯುತ್ತಲೇ ಇತ್ತಂತೆ.
ನಾಯಿಯನ್ನು ಹತ್ತಿಸಲಿಲ್ಲ.
ಅದರ ಹೆಸರು ಹೇಳಹೊರಟು, ಬಿಟ್ಟಳು.

ನೀಲಿ ಪುಸ್ತಕ ಮುಂದಿಟ್ಟೆ. ಸಹಿಗೆ ಮೊದಲು
ಹೊದಿಕೆಯ ಹೊನ್ನಿನ ಅಚ್ಚಿನ ಮೇಲೆ ಹೆಬ್ಬೆರಳು ಆಡಿಸಿದಳು,
ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ.
‘ಈ ಹಕ್ಕಿ ಹಾರುತ್ತಿತ್ತಾ?’
‘ಇಲ್ಲ.’
‘ಅದಕ್ಕೇ ಮತ್ತೆ.’

ಆಮೇಲೆ ನನ್ನ ಹೆಗಲಾಚೆ ದಿಟ್ಟಿಸಿ,
‘ಆ ಕೆಂಪು ಬೀಗದಕೈ, ಮಾದಾಮ್ ಸೀತೋಹುಲ್,
ಯಾವ ಮನೆಯದು?’

ಹತ್ತೊಂಬತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.
ಎರಡು ಅಂಕದ ಉತ್ತರ ಬಾಯಿಗೆ ಬಂತು:
ಹಾಯಿಹಡಗಿನ ಕಾಲ, ಆಯಕಟ್ಟಿನ ಜಾಗ,
ದ್ವೀಪ ಯಾರು ಹಿಡಿದರೋ ಅವರ ಕೈಯಲ್ಲಿ ಕಡಲು...
ಹಿಡಿದವರು. ಕೈ.
ನಾಲಗೆ ಅಲ್ಲಿಗೇ ನಿಂತಿತು.

ಅವಳೇ ಹೇಳಿದಳು: ‘ನಮ್ಮ ಮನೆಗೆ ಬೀಗವೇ ಇರಲಿಲ್ಲ.
ಹೊರಡುವಾಗ ಅಮ್ಮ ಒಂದು ತೆಂಗಿನ ಗರಿ ಅಡ್ಡ ಇಟ್ಟಳು,
ಕೋಳಿ ಒಳಗೆ ನುಗ್ಗದಿರಲಿ ಅಂತ.’

ಸಹಿ ಮಾಡಿದಳು, ನಿಧಾನ, ಕೊನೆಯ ಅಕ್ಷರಕ್ಕೆ ಬಾಲ ಎಳೆದು.
ದೇಶವನ್ನೂ ದೇವರನ್ನೂ ಒಂದೇ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ
ಚೀಲಕ್ಕೆ ಇಳಿಸಿದಳು, ಬಾಟಲಿನ ನೀರು ತಾಗದಂತೆ.

ಕುರ್ಚಿ ತಿರುಗಿಸಿ ಕೂತೆ.
ಡೋಡೋ ಅರ್ಧ ಕೆಂಪು, ಅರ್ಧ ಬಿಳಿ;
ಗಾಜಿನೊಳಗೆ ನನ್ನ ಮುಖ, ಕಬ್ಬಿಗೂ ಕಡವೆಗೂ ನಡುವೆ ಎಲ್ಲೋ.
ಬೀಗದಕೈಯನ್ನು ಬರೆದವರು ಶ್ರದ್ಧೆಯಿಂದಲೇ ಬರೆದಿದ್ದಾರೆ:
ಹಲ್ಲುಗಳಿವೆ, ಬೆರಳು ತೂರುವಷ್ಟು ಉಂಗುರವಿದೆ.
ಬೀಗವನ್ನು ಬರೆದಿಲ್ಲ.

ಊಟದ ಹೊತ್ತಿಗೆ ಕಿಟಕಿಗೆ ಬೀಗ ಹಾಕಬೇಕೆಂದು ನಿಯಮ.
ಅದರ ಕೀಲಿ ನನ್ನ ಕೊರಳಲ್ಲೇ, ಬ್ಯಾಡ್ಜಿನ ಪಕ್ಕ,
ಮುತ್ತಜ್ಜನ ಬಿಲ್ಲೆ ತೂಗುತ್ತಿದ್ದ ಜಾಗದಲ್ಲಿ.
ಅವತ್ತು ಮರೆತೆನೋ, ಬೇಕೆಂದೇ ಬಿಟ್ಟೆನೋ.
ಮರಳಿ ಬಂದಾಗ ಕಿಟಕಿ ತೆರೆದೇ ಇತ್ತು,
ಆಚೆ ಆರು ಜನ ಸಾಲಾಗಿ ನಿಂತು
ಗೋಡೆ ನೋಡುತ್ತಿದ್ದರು.