ಅಳತೆ ಪುಸ್ತಕ

ಎದೆ ಮೂವತ್ತಮೂರೂವರೆ. ತೋಳು ಇಪ್ಪತ್ತನಾಲ್ಕು.
ಅಪ್ಪನ ಕೈಬರಹ, ಸಾವಿರದ ಒಂಬೈನೂರ ಹನ್ನೊಂದು.
ಮಗ್ಗುಲದ ಪಳಂಗಪ್ಪ ಪಲ್ಟನ್ನಿಗೆ ಹೊರಟಾಗ ಹೊಲಿಸಿದ ಅಂಗಿ.
ನಾನಾಗ ಬಿದ್ದ ಗುಂಡಿ ಹೆಕ್ಕುವ ಹುಡುಗ,
ಮೇಜಿನಡಿಯಿಂದ ಕಂಡದ್ದು ಅವನ ಪಾದ ಮಾತ್ರ:
ಬೂಟು ಕಾಣದ್ದು, ಬೆರಳ ಸಂದಿಯಲ್ಲಿ
ಜಿಗಣೆ ಕಚ್ಚಿದ ಕಲೆ.

ಮುಂದಿನ ಪುಟಕ್ಕೆ ಎಂಟು ವರ್ಷ.
ಬಸ್ರಾದಿಂದ ಬಂದವನ ಎದೆ ಮೂವತ್ತೆಂಟು,
ಭುಜದ ಮೇಲೆ ಜಮಾದಾರನ ನಕ್ಷತ್ರ,
ಎಡಗೈ ಮಾತ್ರ ಅರ್ಧ ಇಂಚು ಗಿಡ್ಡ.
‘ಮೂಳೆ ಓರೆಯಾಗಿ ಕೂಡಿತು ಮೊಯ್ದು,
ನೀನು ನೆಟ್ಟಗೆ ಹೊಲಿ.’
ಹೊಲಿದೆ. ಬಟ್ಟೆಗೆ ಸುಳ್ಳು ಹೇಳಲು ಬರುತ್ತದೆ.

ಆಮೇಲೆ ರಜೆಗೊಂದು ಹುದ್ದೆ.
ಸುಬೇದಾರ: ಕಾಲರು ಬಿಗಿ.
ವಜೀರಿಸ್ತಾನದ ವರ್ಷ ಸೊಂಟ ಎರಡಿಂಚು ಇಳಿದಿದೆ, ಆಮಶಂಕೆಯಂತೆ.
ಸುಬೇದಾರ್ ಮೇಜರ್: ಪದಕಗಳ ಭಾರಕ್ಕೆ
ಎದೆ ಜೋಲದಂತೆ ಒಳಗೆ ಕ್ಯಾನ್ವಾಸು.
ಬುಧವಾರದ ಸಂತೆಯಲ್ಲಿ ಹುಡುಗರು ಅವನ ಹಿಂದೆ
ಎಡ ಬಲ ಎಡ ಬಲ.
ಮಡಿಕೇರಿಯ ದೊರೆ ಕುರ್ಚಿ ಕೊಟ್ಟನಂತೆ ಅಂದರು.
ಇರಬಹುದು.
ಪ್ಯಾಂಟಿನ ಹಿಂಭಾಗ ಎಂದೂ ಸವೆದಿರಲಿಲ್ಲ.

ಮೂವತ್ತರ ಕೊನೆಗೆ ಪಿಂಚಣಿ. ಅದೇ ಕೋಟು ತಂದು ಮೇಜಿಗೆ ಹಾಸಿ
‘ಬಲಜೇಬು ಹೊಲಿದುಬಿಡು’ ಅಂದ.
ಹರಿದಿದೆಯೇನೋ ಎಂದು ಬೆರಳಿಟ್ಟೆ. ಹರಿದಿರಲಿಲ್ಲ. ಖಾಲಿ.
‘ಸೀಟಿ ಇಡುವ ಜೇಬು.’
ಗಡಿಯಾರದ ಗೋಪುರ ಹನ್ನೊಂದು ಹೊಡೆಯಿತು;
ಹೊಡೆದು ಮುಗಿಯುವ ತನಕ ಸುಮ್ಮನಿದ್ದ.
‘ಉತ್ತರದಲ್ಲೊಂದು ಊರು. ಬಜಾರು ತುಂಬ ಜನ.
ಗುಂಡು ಹಾರಿಸಲು ಒಮ್ಮೆ ಊದಿದೆ, ಜೇಬಿಗೆ ಹಾಕಿದೆ.
ನಿಲ್ಲಿಸಲು ಇನ್ನೊಮ್ಮೆ ಊದಬೇಕಿತ್ತು.
ಕೈ ಒಳಗೆ ಹೋಯಿತು ಮೊಯ್ದು,
ಹೊರಗೆ ಬರಲಿಲ್ಲ.
ಈಗಲೂ ಹೋಗುತ್ತದೆ. ಉಣ್ಣುವಾಗಲೂ.’

ದಪ್ಪ ದಾರದಲ್ಲಿ ಎರಡು ಸಾಲು ಹಾಕಿದೆ.
ಎರಡಾಣೆ ಅಂದೆ; ರೂಪಾಯಿ ಇಟ್ಟು ಹೋದ.
ಆಮೇಲೂ ಕಂಡಿದ್ದೇನೆ, ಪೇಟೆಯಲ್ಲಿ ಯಾರೊಡನೆಯೋ
ಮೆಣಸಿನ ದರ ಮಾತಾಡುತ್ತ ನಿಂತವನ ಕೈ
ಹೊಲಿಗೆಯನ್ನು ಕೆರೆಯುತ್ತಿತ್ತು,
ಬಾಗಿಲು ಹಾಕಿದ ಮನೆಯ ನಾಯಿಯಂತೆ.

ಇವತ್ತು ನಸುಕಿಗೆ ಮಗ್ಗುಲದ ಕಡೆಯಿಂದ ಕೋವಿ ಸದ್ದು.
ಒಂದೇ ಆದರೆ ಗಂಡು ಕೂಸು.
ಎರಡಾಯಿತು.
ಕತ್ತರಿ ಕೆಳಗಿಟ್ಟು, ಯಾಕೋ,
ಮೂರನೆಯದೂ ಬರುತ್ತದೇನೋ ಎಂದು ಕಾದೆ.

ಮಧ್ಯಾಹ್ನ ಅವನ ತಂಗಿಯ ಮಗ ಮದುವೆಯ ಕುಪ್ಯ ತಂದ,
ಅಪ್ಪ ಹೊಲಿದದ್ದು, ಕರ್ಪೂರದ ವಾಸನೆ.
ಮದುಮಗನಿಗೂ ಹೆಣಕ್ಕೂ ಅದೇ ಬಿಳಿ.
‘ಎದೆಗೆ ಕೂರುತ್ತಿಲ್ಲ, ಬೇಗ ಬಿಚ್ಚಿಕೊಡು.’
ಟೇಪು ತೆಗೆದುಕೊಂಡೆ, ಮತ್ತೆ ಇಟ್ಟೆ.
ಪುಸ್ತಕದಲ್ಲಿ ತಾರೀಖು ಮಾತ್ರ ಬರೆದೆ.

ಕುಪ್ಯಕ್ಕೆ ಜೇಬಿರುವುದಿಲ್ಲ, ನನಗೆ ಗೊತ್ತು.
ಆದರೂ ಮಡಚಿ ಕೊಡುವ ಮುಂಚೆ
ಬಲಗಡೆ, ಕೈ ತಲುಪುವಷ್ಟು ಕೆಳಗೆ,
ಬಟ್ಟೆಯನ್ನೊಮ್ಮೆ ಸವರಿ ನೋಡಿದೆ.