ಹದಿಮೂರನೆಯ ಆಯ್ಕೆ

ಸೊಹಾರ್ ಬಂದರಿನ ಹಿಂದೆ, ಕಡಲ ನೀರೆತ್ತುವ
ಏಳನೇ ಪಂಪಿನ ಮೈಗೆ ನಾಲ್ಕು ಸೆನ್ಸರ್ ಅಂಟಿಸಿದ್ದೇನೆ.
ಅದರ ನಡುಕವೆಲ್ಲ ಈಗ ಪರದೆಯ ಮೇಲೊಂದು ಹಸಿರು ಗೆರೆ.

ಗೆರೆಗೆ ಹಳೆಯ ಕಾಯಿಲೆಗಳನ್ನು ಕಲಿಸಬೇಕಿತ್ತು.
ಇಪ್ಪತ್ತಾರು ವರ್ಷದ ದಾಖಲೆ ಇದ್ದದ್ದು
ಫಿಟ್ಟರ್ ಬಸ್ತ್ಯಾಂವರ ಜೇಬಿನ ಡೈರಿಗಳಲ್ಲಿ.
ಗ್ರೀಸಿನ ಹೆಬ್ಬೆಟ್ಟು, ಪೆನ್ಸಿಲಿನ ಕನ್ನಡ:

‘ಬೆಳಿಗ್ಗೆಯಿಂದ ಗುಂಯ್.’
‘ಗೊರಗೊರ. ಬೇರಿಂಗ್ ಇನ್ನೆರಡು ದಿನ ತಡೆದೀತು.’
‘ಸದ್ದೇ ಇಲ್ಲ. ಅದೇ ಹೆದರಿಕೆ.’

ತಂತ್ರಾಂಶದ ಪಟ್ಟಿಯಲ್ಲಿ ದೋಷಗಳು ಹನ್ನೆರಡೇ.
ಗುಂಯ್ ಅಂದರೆ ಯಾವುದು, ಕೇಳಿದೆ.
ಸ್ಕ್ರೂಡ್ರೈವರಿನ ತುದಿ ಪಂಪಿಗೊತ್ತಿ
ಹಿಡಿಯನ್ನು ನನ್ನ ಕಿವಿಗಿಟ್ಟರು.
ಇದಲ್ಲ, ಎಂದರು.
ಬಿಸಿಲಲ್ಲಿ ನಡೆಸಿಕೊಂಡು ಹೋಗಿ
ಎರಡನೆಯದರ ಮುಂದೆ ನಿಂತು, ಇದು.

ಗುಂಯ್‌ಗೆ ಹೆಸರು ಸಿಕ್ಕಿತು, ಗೊರಗೊರಕ್ಕೂ.
ಮೂರನೆಯದಕ್ಕೆ ಸಿಗಲಿಲ್ಲ.
ಅವರು ಬರೆದದ್ದನ್ನೇ, ಅವರ ಪೂರ್ಣವಿರಾಮದ ಸಮೇತ,
ಹದಿಮೂರನೆಯದಾಗಿ ಸೇರಿಸಿದೆ.
ಮಾರ್ಚಿನಲ್ಲಿ ಬಸ್ತ್ಯಾಂವರ ವೀಸಾ ಮುಗಿಯಿತು.
ಸ್ಕ್ರೂಡ್ರೈವರ್ ಸ್ಟೋರಿಗೆ ಒಪ್ಪಿಸಿ ರಸೀದಿ ಪಡೆದು ಹೋದರು.

ನಿನ್ನೆ ರಾತ್ರಿ ಮೂರಕ್ಕೆ ಖಲ್ಫಾನನ ಫೋನು:
‘ಏಳನೇ ಪಂಪು ತಣ್ಣಗಿದೆ, ಒತ್ತಡ ಸರಿಯಿದೆ,
ಪರದೆಯಲ್ಲಿ ಮಾತ್ರ ಕೆಂಪಗೆ ಏನೋ ಬರೆದಿದೆ.
ಯಾವ ಭಾಷೆ? ಹೇಗೆ ಓದುವುದು?’

ಮೊದಲು ನಿಲ್ಲಿಸು, ಎಂದೆ.
ಆಮೇಲೆ ಓದಿಸುತ್ತೇನೆ.